ಮೊಬೈಲ್ ಕಿತ್ತುಕೊಳ್ಳುವ ಮುಂಚೆ ಬಾಗಿಲು ತೆಗೆಯಿರಿ

ಸಂಜೆ ನಾಲ್ಕೂವರೆ. ಸ್ಕೂಲ್ ವ್ಯಾನಿನಿಂದ ಇಳಿದ ಮಗ ಬ್ಯಾಗನ್ನು ಸೋಫಾ ಮೇಲೆ ಎಸೆದು, ಒಂದು ಕಾಲಿನ ಶೂ ಬಿಚ್ಚಿ ಇನ್ನೊಂದು ಬಿಚ್ಚುವ ಮೊದಲೇ ಕೈ ಚಾಚುತ್ತಾನೆ. 'ಅಮ್ಮಾ, ಮೊಬೈಲ್ ಕೊಡು.' ಕೊಡಲ್ಲ ಅಂತೀರಿ. 'ಹತ್ತೇ ಹತ್ತು ನಿಮಿಷ' ಅಂತಾನೆ. ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ, ಅರ್ಧ ಗಂಟೆ ಒಂದೂವರೆ ಗಂಟೆಯಾಗುತ್ತದೆ. ಕುಕ್ಕರ್ ಮೂರನೇ ಸೀಟಿ ಹಾಕುವ ಹೊತ್ತಿಗೆ ನಿಮ್ಮ ತಾಳ್ಮೆಯೂ ಸೀಟಿ ಹಾಕುತ್ತದೆ! ಫೋನ್ ಕಿತ್ತುಕೊಳ್ಳುತ್ತೀರಿ. ಅವನು ಕಾಲು ಅಪ್ಪಳಿಸಿಕೊಂಡು ಹೋಗಿ ರೂಮಿನ ಬಾಗಿಲು ಧಡಾರನೆ ಹಾಕಿಕೊಳ್ಳುತ್ತಾನೆ. ಅಷ್ಟರಲ್ಲಿ ಆಫೀಸಿನಿಂದ ಬಂದ ಯಜಮಾನರು 'ಏನಿದು ಗಲಾಟೆ? ಇಡೀ ದಿನ ಮನೇಲೇ ಇರ್ತೀಯ, ಒಂದು ಮಗೂನ ನೋಡ್ಕೊಳ್ಳೋಕೆ ಆಗಲ್ವಾ?' ಅನ್ನುತ್ತಾ ಸೋಫಾದಲ್ಲಿ ಕೂತು ತಮ್ಮ ಫೋನ್ ತೆಗೆಯುತ್ತಾರೆ.

ಇದು ನಿಮ್ಮೊಬ್ಬರ ಮನೆಯ ಕಥೆ ಅಂದುಕೊಂಡು ಕೊರಗಬೇಡಿ. ಪಕ್ಕದ ಮನೆಯಲ್ಲೂ ಇದೇ, ಮೇಲಿನ ಫ್ಲ್ಯಾಟಿನಲ್ಲೂ ಇದೇ. ಒಂದು ಕಡೆ ಗೇಮ್, ಇನ್ನೊಂದು ಕಡೆ ರೀಲ್ಸ್, ಮತ್ತೊಂದು ಕಡೆ ಊಟದ ತಟ್ಟೆಯ ಮುಂದೆ ಕಾರ್ಟೂನ್, ಅಷ್ಟೇ ವ್ಯತ್ಯಾಸ.

ಈ ವಿಷಯದಲ್ಲಿ ಸಲಹೆಗಳಿಗೇನೂ ಬರವಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಮುಂದೆ ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2021ರಲ್ಲಿ ರೂಪಿಸಿದ ಮಾರ್ಗಸೂಚಿ ಇನ್ನೂ ಸ್ಪಷ್ಟ. ಎರಡು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಐದು ವರ್ಷದೊಳಗೆ ದೊಡ್ಡವರು ಜೊತೆಗಿದ್ದು ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ. (ದೂರದಲ್ಲಿರುವ ಅಜ್ಜಿ ತಾತನ ಜೊತೆ ವಿಡಿಯೊ ಕಾಲ್ ಮಾಡಿದರೆ ಪರವಾಗಿಲ್ಲ ಅನ್ನುವ ವಿನಾಯಿತಿಯೂ ಇದೆ. ಅಷ್ಟರಮಟ್ಟಿಗೆ ವೈದ್ಯರಿಗೂ ಮನಸ್ಸು ಕರಗಿದೆ!) ಮೊಬೈಲ್, ಇಂಟರ್ನೆಟ್ ಗೀಳು ಹತ್ತಿಸಿಕೊಂಡವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಶಟ್' ಎಂಬ ಕ್ಲಿನಿಕ್ ತೆರೆಯಬೇಕಾಯಿತು. ಆಸ್ಟ್ರೇಲಿಯಾವಂತೂ 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳದಂತೆ 2025ರ ಡಿಸೆಂಬರ್‌ನಿಂದ ಕಾನೂನನ್ನೇ ಜಾರಿಗೆ ತಂದಿದೆ.

ಎಲ್ಲಾ ಸರಿಯೇ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಫೋನ್ ಕಿತ್ತುಕೊಂಡಿರಿ. ಆಮೇಲೆ? ಆ ಮಗು ಸಂಜೆ ನಾಲ್ಕೂವರೆಯಿಂದ ರಾತ್ರಿ ಎಂಟರವರೆಗೆ ಏನು ಮಾಡಬೇಕು?

ಒಂದು ದಿನ ನಿಮ್ಮ ಬಾಯಿಂದ ಬರುವ ಮಾತುಗಳನ್ನು ನೀವೇ ಎಣಿಸಿ ನೋಡಿ. 'ಹೊರಗೆ ಹೋಗ್ಬೇಡ, ಬಿಸಿಲು.' 'ಟೆರೇಸಿಗೆ ಹತ್ಬೇಡ, ಬಿದ್ದುಬಿಡ್ತೀಯ.' 'ಅಡುಗೆ ಮನೆಗೆ ಬರ್ಬೇಡ, ಕೈ ಸುಟ್ಕೋತೀಯ.' 'ನೀರಲ್ಲಿ ಆಡ್ಬೇಡ, ನೆಗಡಿ ಆಗುತ್ತೆ.' 'ಅವನ ಜೊತೆ ಸೇರ್ಬೇಡ.' 'ಗೋಡೆ ಮೇಲೆ ಗೀಚ್ಬೇಡ.' 'ಚೆಂಡು ಒಳಗೆ ಎಸೀಬೇಡ.' ಇಷ್ಟೆಲ್ಲಾ ಬೇಡಗಳ ನಡುವೆ ಮಗುವಿಗೆ ಉಳಿಯುವುದು ಒಂದೇ ಮೂಲೆ. ಅಲ್ಲಿ ಕೂತರೆ ಯಾರೂ ಬೈಯಲ್ಲ, ಬಟ್ಟೆ ಕೊಳೆಯಾಗಲ್ಲ, ಮಂಡಿ ತರಚಲ್ಲ, ಕರೆದರೆ ಕೇಳುವಷ್ಟು ಹತ್ತಿರದಲ್ಲೇ ಇರುತ್ತದೆ. ಆ ಮೂಲೆಯಲ್ಲಿ ಇರುವುದೇ ಫೋನು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ಬೆಳಿಗ್ಗೆ ಏಳುವ ಹೊತ್ತಿನಿಂದ ರಾತ್ರಿ ಮಲಗುವವರೆಗೆ ನಮ್ಮ ಮಕ್ಕಳ ದಿನದಲ್ಲಿ ಎಲ್ಲವನ್ನೂ ನಿರ್ಧರಿಸುವವರು ನಾವು. ತಿಂಡಿ, ಬಟ್ಟೆ, ವ್ಯಾನು, ಟ್ಯೂಷನ್ನು, ಕರಾಟೆ ಕ್ಲಾಸು, ಎಲ್ಲವೂ. ಯಾವ ಆಟ, ಯಾರ ಜೊತೆ, ಸೋತರೆ ಮತ್ತೆ ಶುರುಮಾಡಬೇಕೋ ಬಿಡಬೇಕೋ ಎಂದು ಮಗು ತಾನೇ ತೀರ್ಮಾನಿಸುವ ಜಾಗ ಮೊಬೈಲ್ ಗೇಮ್ ಒಂದೇ. ಅದನ್ನೂ ಕಿತ್ತುಕೊಂಡರೆ ಅರಚದೆ ಇನ್ನೇನು ಮಾಡೀತು? ನನ್ನ ಪ್ರಕಾರ ಆ ಅರಚಾಟದಲ್ಲಿ ಅರ್ಧ ಗೀಳು, ಇನ್ನರ್ಧ 'ನನ್ನದು ಅಂತ ಏನೂ ಇಲ್ಲವೇ?' ಎಂಬ ಸಂಕಟ.

ಇದು ಬರೀ ನನ್ನ ಊಹೆಯೂ ಅಲ್ಲ. ಪೀಟರ್ ಗ್ರೇ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇನ್ನಿಬ್ಬರ ಜೊತೆ ಸೇರಿ 2023ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಮಕ್ಕಳಲ್ಲಿ ಆತಂಕ, ಖಿನ್ನತೆ ಹೆಚ್ಚುತ್ತಿರುವುದಕ್ಕೆ ಒಂದು ಮುಖ್ಯ ಕಾರಣ, ದೊಡ್ಡವರ ಕಾವಲಿಲ್ಲದೆ ಆಡುವ, ಓಡಾಡುವ, ಕೆಲಸ ಮಾಡುವ ಅವಕಾಶ ದಶಕಗಳಿಂದ ಕಡಿಮೆಯಾಗುತ್ತಾ ಬಂದಿರುವುದು ಎಂಬುದು ಅವರ ವಾದ. ಅವರು ಹೇಳಿದ್ದು ಅಮೆರಿಕದ ಮಕ್ಕಳ ಬಗ್ಗೆ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಆಯಾ ಕೈ ಹಿಡಿದು ಇಳಿಯುವ ಒಂಬತ್ತು ವರ್ಷದ ಹುಡುಗನನ್ನು ನೋಡಿದಾಗ ನನಗೆ ಅದೇ ನೆನಪಾಗುತ್ತದೆ.

ಮಾಲ್ಗುಡಿಯ ಸ್ವಾಮಿ ಈಗ ಎಲ್ಲಿದ್ದಾನೆ?

ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಬಂದದ್ದು. ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಚಿತ್ರಿಸಿದಾಗ ದೂರದರ್ಶನದ ಮುಂದೆ ಕೂತು ನೋಡದವರು ನಮ್ಮ ಪೀಳಿಗೆಯಲ್ಲಿ ಕಡಿಮೆ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿದ್ದ. ಈಗ ಇನ್ನೊಮ್ಮೆ ನೋಡಿ. ಶಾಲೆ ಮುಗಿದ ಮೇಲೆ ಆ ಹುಡುಗರ ಹಿಂದೆ ದೊಡ್ಡವರು ಯಾರಾದರೂ ಬರುತ್ತಾರಾ? ಹೊಳೆದಂಡೆಗೆ ಹೋಗುತ್ತಾರೆ, ಜಗಳ ಆಡುತ್ತಾರೆ, ರಾಜಿಯಾಗುತ್ತಾರೆ, ಕ್ರಿಕೆಟ್ ಟೀಮ್ ಕಟ್ಟುತ್ತಾರೆ. ಅಪ್ಪ ಅಂದರೆ ಹೆದರಿಕೆ, ಅಜ್ಜಿ ಅಂದರೆ ಪ್ರೀತಿ. ಆದರೆ ಅವರಿಬ್ಬರೂ ಇರುವುದು ಮನೆಯಲ್ಲಿ. ಬೀದಿ ಮಾತ್ರ ಹುಡುಗರದ್ದು.

'ನಮ್ಮ ಕಾಲವೇ ಚೆನ್ನಾಗಿತ್ತು ಬಿಡ್ರೀ' ಎಂದು ನಿಟ್ಟುಸಿರು ಬಿಡಲು ಇದನ್ನು ಹೇಳುತ್ತಿಲ್ಲ. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿರಲಿಲ್ಲ. ಬೀದಿ ಹುಡುಗರದ್ದಾಗಿತ್ತೇ ಹೊರತು ಹುಡುಗಿಯರದ್ದಾಗಿರಲಿಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗಿನ ರಸ್ತೆಯೂ ಆಗಿನದ್ದಲ್ಲ. ಬೆಂಗಳೂರೊಂದರಲ್ಲೇ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಫುಟ್‌ಪಾತ್ ಮೇಲೆ ಬೈಕ್ ಓಡುತ್ತದೆ, ಟ್ರಾನ್ಸ್‌ಫಾರ್ಮರ್ ನಿಂತಿರುತ್ತದೆ, ಉಳಿದ ಜಾಗದಲ್ಲಿ ನಾಯಿ ಮಲಗಿರುತ್ತದೆ. ಇಂಥಾ ಕಡೆ ಮಗುವನ್ನು ಒಂಟಿಯಾಗಿ ಕಳಿಸಿ ಅಂದರೆ ನಿಮಗೆ ಸಿಟ್ಟು ಬರುವುದು ಸಹಜವೇ. ವಾಹನದ ಭಯ ನಿಜವಾದ ಭಯ, ಅದನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ತಾಯಂದಿರು ಹೆಚ್ಚಾಗಿ ಹೇಳುವ ಭಯ ಅದಲ್ಲ. 'ಯಾರಾದ್ರೂ ಎತ್ಕೊಂಡು ಹೋಗ್ಬಿಟ್ರೆ? ಯಾರಾದ್ರೂ ಏನಾದ್ರೂ ಮಾಡಿಬಿಟ್ರೆ?' ಎಂಬುದು. ಇಲ್ಲಿ ಒಂದು ಕಹಿ ಸತ್ಯ ನಿಮಗೆ ಗೊತ್ತಿರಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ಅಂಕಿಅಂಶಗಳನ್ನು ನೋಡಿದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಸಲ ಆರೋಪಿ ಮಗುವಿಗೆ ಪರಿಚಯದವನೇ. ನೆಂಟ, ನೆರೆಯವ, ಕುಟುಂಬದ ಸ್ನೇಹಿತ. ಅಂದರೆ ಬಾಗಿಲು ಹಾಕಿ ಚಿಲಕ ಬಿಗಿದುಕೊಂಡರೆ ಮಗು ಸುರಕ್ಷಿತ ಎನ್ನುವುದು ನಾವು ನಮಗೇ ಹೇಳಿಕೊಳ್ಳುವ ಸಮಾಧಾನ. ಇನ್ನು ಆ ಬಾಗಿಲ ಹಿಂದೆ ಕೈಯಲ್ಲಿ ಫೋನ್ ಕೊಟ್ಟರಂತೂ ಮುಗಿಯಿತು. ಗೇಟಿನ ಹೊರಗೆ ನಿಲ್ಲಿಸಿದ ಅಪರಿಚಿತ ಗೇಮಿನ ಚಾಟ್ ಮೂಲಕ ನೇರವಾಗಿ ಮಲಗುವ ಕೋಣೆಗೇ ಬರುತ್ತಾನೆ!

ಮಗುವನ್ನು ಕಾಪಾಡುವುದು ಬೇರೆ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ 'ಬೇಡ' ಎಂದು ಕೂಗುವುದು, ಓಡಿ ಬರುವುದು, ಅಮ್ಮನಿಗೆ ಹೇಳಿದರೆ ಅಮ್ಮ ಬೈಯಲ್ಲ ಎಂಬ ಧೈರ್ಯ ಇರುವುದು, 1098 ಮಕ್ಕಳ ಸಹಾಯವಾಣಿ ಎಂಬುದು ಬಾಯಿಪಾಠವಾಗಿರುವುದು, ಇವು ಕಾಪಾಡುತ್ತವೆ. ಹತ್ತು ಜನರ ಜೊತೆ ಮಾತಾಡಿ ಅಭ್ಯಾಸವಿರುವ ಮಗುವಿಗೆ 'ಬೇಡ' ಅನ್ನುವ ದನಿ ಬಂದಷ್ಟು ಸುಲಭವಾಗಿ, ಯಾರ ಜೊತೆಗೂ ಮಾತಾಡದೆ ಬೆಳೆದ ಮಗುವಿಗೆ ಬರುವುದಿಲ್ಲ.

ಕೊತ್ತಂಬರಿ ಸೊಪ್ಪಿನಿಂದ ಶುರುಮಾಡಿ

ಜಪಾನಿನಲ್ಲಿ 1991ರಿಂದ ಒಂದು ಟೀವಿ ಕಾರ್ಯಕ್ರಮ ಬರುತ್ತಿದೆ. 'ಹಾಜಿಮೆತೆ ನೋ ಒತ್ಸುಕಾಯ್' ಅಂತ ಅದರ ಹೆಸರು, ಅಂದರೆ 'ಮೊದಲ ಸಲ ಅಂಗಡಿಗೆ'. ಎರಡು, ಮೂರು, ನಾಲ್ಕು ವರ್ಷದ ಪುಟಾಣಿಗಳನ್ನು ಅಮ್ಮಂದಿರು ಒಬ್ಬರನ್ನೇ ಸಾಮಾನು ತರಲು ಕಳಿಸುತ್ತಾರೆ. ಕ್ಯಾಮೆರಾದವರು ಬಚ್ಚಿಟ್ಟುಕೊಂಡು ಹಿಂಬಾಲಿಸುತ್ತಾರೆ. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಾಗ ಜಗತ್ತಿನಾದ್ಯಂತ ಜನ ಬೆರಗಾಗಿ ನೋಡಿದರು. ಮಗು ದಾರಿ ಮಧ್ಯೆ ಅಳುತ್ತದೆ, ತಂದದ್ದನ್ನು ಬೀಳಿಸುತ್ತದೆ, ಒಂದು ಮರೆತು ಇನ್ನೊಂದು ತರುತ್ತದೆ. ಮನೆಗೆ ಬಂದಾಗ ಅದರ ಮುಖ ನೋಡಬೇಕು!

ಎರಡು ವರ್ಷದ ಕೂಸನ್ನು ಕಳಿಸಿ ಎಂದು ನಾನಂತೂ ಹೇಳಲ್ಲ. ಅವರ ಊರಿನ ಬೀದಿ ಬೇರೆ, ನಮ್ಮದು ಬೇರೆ. ಸಣ್ಣ ಮಕ್ಕಳಿಗೆ ಬರುವ ಗಾಡಿಯ ವೇಗ, ದೂರ ಸರಿಯಾಗಿ ಅಂದಾಜಾಗುವುದಿಲ್ಲ. ಆದ್ದರಿಂದ ದೊಡ್ಡ ರಸ್ತೆ ದಾಟುವ ಕೆಲಸ ಒಂಬತ್ತು-ಹತ್ತು ವರ್ಷಕ್ಕೆ ಮುಂಚೆ ಬೇಡ. ಆದರೆ ಏಳು ವರ್ಷದ ಮಗು ರಸ್ತೆ ದಾಟದೆ ಅದೇ ಸಾಲಿನ ಅಂಗಡಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತರಬಲ್ಲದು. ಅಪಾರ್ಟ್‌ಮೆಂಟಿನಲ್ಲಿದ್ದರೆ ಮೂರನೇ ಮಹಡಿಯ ಆಂಟಿಗೆ ಒಂದು ಬಟ್ಟಲು ಪಾಯಸ ಕೊಟ್ಟು ಬರಬಲ್ಲದು.

ಹೇಗೆ ಶುರುಮಾಡುವುದು ಅಂತೀರಾ? ಮೊದಲ ನಾಲ್ಕು ಸಲ ಮಗು ಮುಂದೆ, ನೀವು ಹಿಂದೆ. ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು, ನಿಂತ ಕಾರಿನ ಹಿಂದಿನಿಂದ ಏಕೆ ನುಗ್ಗಬಾರದು ಎಂದು ಅದೇ ನಿಮಗೆ ಹೇಳಲಿ. ನೀವು ಬಾಯಿ ಬಿಡಬೇಡಿ (ಎಲ್ಲಕ್ಕಿಂತ ಕಷ್ಟದ ಭಾಗ ಇದೇ). ಐದನೇ ಸಲ ಗೇಟಿನ ಹತ್ತಿರ ನಿಂತು ನೋಡಿ. ಆರನೇ ಸಲ ಬಾಲ್ಕನಿಯಿಂದ. ಅಂಗಡಿಯವರಿಗೆ, ಎದುರಿನ ಇಸ್ತ್ರಿಯವರಿಗೆ, ವಾಚ್‌ಮನ್‌ಗೆ 'ನಮ್ಮ ಹುಡುಗ ಬರ್ತಾನೆ, ಸ್ವಲ್ಪ ನೋಡ್ಕೊಳ್ಳಿ' ಅಂತ ಒಂದು ಮಾತು ಹಾಕಿಡಿ. ಹೀಗೆ ಹೇಳಿದ ದಿನವೇ ಆ ಬೀದಿಯಲ್ಲಿ ನಿಮ್ಮ ಮಗುವಿಗೆ ಮೂರು ಜೊತೆ ಕಣ್ಣು ಸಿಕ್ಕಹಾಗೆ.

ನೋಟು ಕೊಟ್ಟೇ ಕಳಿಸಿ. 'ನಾನು ಫೋನಲ್ಲೇ ದುಡ್ಡು ಹಾಕ್ತೀನಿ' ಅನ್ನಬೇಡಿ. ಈಗಿನ ಮಕ್ಕಳಿಗೆ ದುಡ್ಡು ಅಂದರೆ 'ಟಿಂಗ್' ಅನ್ನುವ ಶಬ್ದ ಅಷ್ಟೇ. ಐವತ್ತು ಕೊಟ್ಟು ಚಿಲ್ಲರೆ ಎಣಿಸಿಕೊಂಡು ಬಂದರೆ ಸ್ಕೂಲಿನ ಕಳೆಯುವ ಲೆಕ್ಕ ಕೈಗೆ ಬರುತ್ತದೆ. ಕೊತ್ತಂಬರಿ ಬದಲು ಪುದೀನ ತಂದರೆ? ಆವತ್ತು ಪುದೀನ ಚಟ್ನಿ ಮಾಡಿ, ಅಷ್ಟೇ. ವಾಪಸ್ ಕಳಿಸಿ ಬದಲಾಯಿಸಿಕೊಂಡು ಬಾ ಅನ್ನಲೂಬಹುದು, ಆದರೆ ನೀವೇ ಹೋಗಿ ಬದಲಾಯಿಸಬೇಡಿ.

ಇಲ್ಲಿ ನಮ್ಮ ಇನ್ನೊಂದು ಹೊಸ ಅಭ್ಯಾಸದ ಬಗ್ಗೆ ಹೇಳಲೇಬೇಕು. ಹತ್ತೇ ನಿಮಿಷದಲ್ಲಿ ಮನೆ ಬಾಗಿಲಿಗೆ ಸೊಪ್ಪು, ಮೊಸರು, ನಿಂಬೆಹಣ್ಣು ತಂದುಕೊಡುವ ಆ್ಯಪ್‌ಗಳು. ಅನುಕೂಲವೇ, ಇಲ್ಲ ಅನ್ನಲ್ಲ. ಆದರೆ ಮಗುವಿಗೆ ಹೇಳಬಹುದಾಗಿದ್ದ ಒಂದೊಂದೇ ಕೆಲಸವನ್ನು ಅವು ಮನೆಯಿಂದ ಎತ್ತಿಕೊಂಡು ಹೋಗುತ್ತಿವೆ. ನಾವು ಫೋನ್ ಒತ್ತಿ ಮೊಸರು ತರಿಸುತ್ತೇವೆ, ಪಕ್ಕದಲ್ಲೇ ಮಗು ಫೋನ್ ಒತ್ತುತ್ತಾ ಕೂತಿರುತ್ತದೆ. ವಾರಕ್ಕೆ ನಾಲ್ಕು ದಿನವಾದರೂ ಆ ಮೊಸರು ಮಗುವಿನ ಕಾಲ ಮೇಲೆ ಬರಲಿ.

ಮತ್ತೆ, ಕೈಗೆ ಜಿಪಿಎಸ್ ವಾಚ್ ಕಟ್ಟಿ ಹೆಜ್ಜೆಹೆಜ್ಜೆಗೂ ಎಲ್ಲಿದ್ದಾನೆ ಎಂದು ನೋಡುತ್ತಾ ಕೂರುವ ಅಮ್ಮಂದಿರಿದ್ದಾರೆ. ನನಗದು ಹಿಡಿಸುವುದಿಲ್ಲ. ಹಗ್ಗ ಉದ್ದವಾಯಿತೇ ಹೊರತು ಬಿಚ್ಚಲಿಲ್ಲ.

ಕೈಗೆ ಕೆಲಸ, ಬಾಯಿಗೆ ಮಾತು

'ಮಕ್ಕಳ ಜೊತೆ ಗುಣಮಟ್ಟದ ಸಮಯ ಕಳೆಯಿರಿ' ಎಂದು ಓದಿ ಓದಿ ನಿಮಗೂ ಸಾಕಾಗಿರಬೇಕು. ಅದು ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು 'ಹೇಳು ಪುಟ್ಟ, ಇವತ್ತು ಸ್ಕೂಲಲ್ಲಿ ಏನಾಯ್ತು?' ಅಂದರೆ ಬರುವ ಉತ್ತರ 'ಏನೂ ಇಲ್ಲ'. ಇನ್ನೊಂದು ಸಲ ಕೇಳಿದರೆ 'ಅಯ್ಯೋ, ಏನೂ ಇಲ್ಲಮ್ಮ!'

ಅದೇ ಮಗುವನ್ನು ಡಿಸೆಂಬರ್‌ನಲ್ಲಿ ಪೇಪರ್ ಹಾಸಿ ಎರಡು ಕೇಜಿ ಸೊಗಡವರೆಕಾಯಿ ಸುರಿದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸುಲಿಯುತ್ತಾ ಸುಲಿಯುತ್ತಾ ಹತ್ತು ನಿಮಿಷಕ್ಕೆ ತಾನಾಗಿಯೇ ಮಾತು ಬರುತ್ತದೆ. ಯಾರು ಯಾರಿಗೆ ಹೊಡೆದರು, ಯಾವ ಮಿಸ್ ಯಾಕೆ ಅತ್ತರು, ತನ್ನ ಪಕ್ಕ ಯಾರೂ ಕೂರಲಿಲ್ಲ ಅನ್ನುವುದು ಕೂಡ. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಬಾರದ ಮಾತು, ಕಣ್ಣು ಕೆಳಗಿದ್ದು ಕೈ ಆಡುತ್ತಿದ್ದರೆ ಬರುತ್ತದೆ. ನೆನೆಹಾಕಿದ ಕಾಳನ್ನು ಹಿದುಕುವಾಗಲಂತೂ ಬೇಳೆ ಚಿಮ್ಮಿ ಗೋಡೆಗೆ ಹೊಡೆದು ನಗುವೋ ನಗು. ಆ ಒಂದು ಗಂಟೆ ಫೋನ್ ಎಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲ.

ಅವರೆಕಾಯಿ ಕಾಲ ಮುಗಿದರೆ ಬೇರೆ ಕೆಲಸ ಇದ್ದೇ ಇದೆ. ಒಗೆದ ಬಟ್ಟೆ ಮಡಚುವುದು, ಕಾಲುಚೀಲಗಳ ಜೋಡಿ ಹುಡುಕುವುದು, ಹೂಕುಂಡಕ್ಕೆ ನೀರು, ಚಪಾತಿ ಹಿಟ್ಟು ನಾದುವುದು. ಆರು ವರ್ಷದ ಮಗುವಿನ ಚಪಾತಿ ಕರ್ನಾಟಕದ ಮ್ಯಾಪ್ ಥರ ಇರುತ್ತದೆ, ಇರಲಿ ಬಿಡಿ. ಹತ್ತು ದಾಟಿದ ಮೇಲೆ ನೀವು ಪಕ್ಕದಲ್ಲಿದ್ದು ಒಲೆ ಹಚ್ಚುವುದನ್ನೂ, ಅದಕ್ಕಿಂತ ಮುಖ್ಯವಾಗಿ ಆರಿಸುವುದನ್ನೂ, ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸುವುದನ್ನೂ ಕಲಿಸಿ. 'ಓದೋ ಮಕ್ಕಳ ಕೈಲಿ ಕೆಲಸ ಮಾಡಿಸ್ತೀರಾ?' ಎಂದು ಅತ್ತೆಯವರು ಕೇಳಿದರೆ 'ಹೌದತ್ತೆ, ನೀವೂ ಸ್ವಲ್ಪ ಹೇಳಿಕೊಡಿ' ಅನ್ನಿ. ಅಜ್ಜಿ ಹೇಳಿಕೊಟ್ಟ ಬತ್ತಿ ಹೊಸೆಯುವುದು, ಚೌಕಾಬಾರದ ಮನೆ ಬರೆಯುವುದು ಮಕ್ಕಳಿಗೆ ಎಷ್ಟು ಇಷ್ಟವಾಗುತ್ತದೆ ಗೊತ್ತಾ? ಹುಣಿಸೆಬೀಜ ತೇಯ್ದು ದಾಳ ಮಾಡುವಷ್ಟರಲ್ಲೇ ಒಂದು ಸಂಜೆ ಕಳೆಯುತ್ತದೆ. ಟೀವಿ ಧಾರಾವಾಹಿಯ ಮುಂದೆ ಒಬ್ಬರೇ ಕೂರುವ ಅಜ್ಜಿಯದ್ದೂ 'ಸ್ಕ್ರೀನ್ ಟೈಮ್' ಕಡಿಮೆಯಾದೀತು!

ಇನ್ನು ಹೊರಗಿನ ಆಟ. ಒಬ್ಬಳೇ ಅಮ್ಮ ಈ ಕೆಲಸ ಮಾಡಲಾರಳು, ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ನೀವೊಬ್ಬರೇ ಧೈರ್ಯ ಮಾಡಿ ಮಗುವನ್ನು ಕೆಳಗೆ ಕಳಿಸಿದರೆ ಅಲ್ಲಿ ಆಡಲು ಯಾರೂ ಇರುವುದಿಲ್ಲ. ಎಲ್ಲರೂ ಒಳಗೆ ಫೋನ್ ಹಿಡಿದಿರುತ್ತಾರೆ. ಐದು ನಿಮಿಷ ಸುತ್ತಾಡಿ ಅದು ವಾಪಸ್ ಬಂದು 'ಬೋರ್' ಅನ್ನುತ್ತದೆ. ಅದಕ್ಕೇ ಮೂರು ಜನ ಅಮ್ಮಂದಿರು ಸೇರಿ. ಮೂರೇ ಸಾಕು. ಐದರಿಂದ ಆರೂವರೆ ಮಕ್ಕಳು ಕೆಳಗೆ, ಆ ಹೊತ್ತಲ್ಲಿ ಟ್ಯೂಷನ್ ಇಲ್ಲ, ಫೋನ್ ಇಲ್ಲ ಎಂದು ಮಾತಾಡಿಕೊಳ್ಳಿ. ದಿನಕ್ಕೊಬ್ಬರು ಕೆಳಗೆ ಬೆಂಚಿನ ಮೇಲೆ ಕೂತು ಸೊಪ್ಪು ಬಿಡಿಸಿಕೊಂಡೋ, ಪುಸ್ತಕ ಹಿಡಿದೋ ಇದ್ದರಾಯಿತು. ಉಳಿದಿಬ್ಬರಿಗೆ ಒಂದೂವರೆ ಗಂಟೆ ಬಿಡುವು. ವಾರ ಕಳೆಯುವುದರೊಳಗೆ ಮೂರು ಮಕ್ಕಳು ಎಂಟಾಗುತ್ತಾರೆ. ಎಂಟು ಜನ ಇದ್ದರೆ ಲಗೋರಿಗೆ ಎರಡು ಟೀಮ್. ಕುಂಟೆಬಿಲ್ಲೆಗೆ ಒಂದು ಚೂರು ಸೀಮೆಸುಣ್ಣ, ಒಂದು ಬಿಲ್ಲೆ. ಕಣ್ಣಾಮುಚ್ಚಾಲೆಗೆ ಅದೂ ಬೇಡ.

ಕೂತ ಅಮ್ಮನಿಗೆ ಒಂದೇ ನಿಯಮ, ಅಂಪೈರ್ ಆಗಬಾರದು. ರಕ್ತ ಬಂದರೆ, ಯಾರಾದರೂ ಒಬ್ಬರನ್ನೇ ಎಲ್ಲರೂ ಸೇರಿ ಕಾಡಿದರೆ ಎದ್ದು ಹೋಗಿ. 'ಆಂಟೀ, ಇವನು ಔಟ್ ಆದ್ರೂ ಆಗಿಲ್ಲ ಅಂತಾನೆ' ಎಂದರೆ 'ನೀವೇ ತೀರ್ಮಾನ ಮಾಡ್ಕೊಳ್ಳಿ' ಅನ್ನಿ. ಹತ್ತು ನಿಮಿಷ ಕಿತ್ತಾಡುತ್ತಾರೆ. ಆಮೇಲೆ ಅವರೇ ಒಂದು ಹೊಸ ರೂಲ್ ಮಾಡಿಕೊಂಡು ಆಟ ಮುಂದುವರಿಸುತ್ತಾರೆ. ಯಾವ ಸಮ್ಮರ್ ಕ್ಯಾಂಪಿನಲ್ಲೂ ಹತ್ತು ಸಾವಿರ ಕೊಟ್ಟರೂ ಇದನ್ನು ಕಲಿಸಲ್ಲ.

'ಇಲ್ಲಿ ಆಟ ಆಡಬಾರದು' ಎಂಬ ಬೋರ್ಡ್ ನಿಮ್ಮ ಅಪಾರ್ಟ್‌ಮೆಂಟಿನಲ್ಲಿದೆಯೇ? ಅಸೋಸಿಯೇಷನ್ ಮೀಟಿಂಗಿಗೆ ಯಜಮಾನರನ್ನು ಕಳಿಸಿ ನೀವು ಮನೆಯಲ್ಲಿ ಕೂರಬೇಡಿ. ನೀವೇ ಹೋಗಿ ಕೇಳಿ. ಕಾರಿನ ಗಾಜಿಗೆ ಸಿಕ್ಕಷ್ಟು ಕಾಳಜಿ ಮಕ್ಕಳ ಕಣ್ಣಿಗೂ ಸಿಗಲಿ. ಕಣ್ಣು ಅಂದದ್ದು ಸುಮ್ಮನೆ ಅಲ್ಲ. ಮಕ್ಕಳಿಗೆ ದೂರದ್ದು ಮಂಜಾಗಿ ಕಾಣುವ ಸಮೀಪದೃಷ್ಟಿ ದೋಷ ಹೆಚ್ಚಿದಾಗ ತೈವಾನ್ 2010ರಲ್ಲಿ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬೆಳಕಿನಲ್ಲಿರಿಸುವ ಕಾರ್ಯಕ್ರಮ ಶುರುಮಾಡಿತು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟಾಗ ಹೊಸದಾಗಿ ಈ ದೋಷ ಬರುವ ಮಕ್ಕಳ ಸಂಖ್ಯೆ ಇಳಿಯಿತು ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ದುಡ್ಡಿಲ್ಲದೆ ಸಿಗುವ ಸೂರ್ಯನ ಬೆಳಕು ಕಣ್ರೀ, ಕನ್ನಡಕಕ್ಕಿಂತ ಅಗ್ಗ.

ಇಷ್ಟಾದ ಮೇಲೆ ಫೋನಿನ ವಿಷಯಕ್ಕೆ ಬನ್ನಿ, ಈಗ ಸುಲಭ. ಆದರೂ ಎರಡು ಅಡ್ಡಿಗಳಿವೆ. ಒಂದು ಸ್ಕೂಲಿನದ್ದು. ಹೋಮ್‌ವರ್ಕ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರುತ್ತದೆ, ಅದನ್ನು ನೋಡುವ ನೆಪದಲ್ಲಿ ಫೋನ್ ಮಗುವಿನ ಕೈ ಸೇರುತ್ತದೆ. ಅದನ್ನು ನೀವೇ ನೋಡಿ ಒಂದು ಚೀಟಿಯಲ್ಲಿ ಬರೆದುಕೊಡಿ. ಪೇರೆಂಟ್ಸ್ ಮೀಟಿಂಗಿನಲ್ಲಿ 'ಹೋಮ್‌ವರ್ಕನ್ನು ಡೈರಿಯಲ್ಲೇ ಬರೆಸಿ' ಎಂದು ನಾಲ್ಕು ಜನ ಒಟ್ಟಿಗೆ ಕೇಳಿ. ಒಬ್ಬರು ಕೇಳಿದರೆ ಜಗಳಗಂಟಿ ಅಂತಾರೆ, ನಾಲ್ಕು ಜನ ಕೇಳಿದರೆ ಸಲಹೆ ಅಂತಾರೆ. ಎರಡನೇ ಅಡ್ಡಿ ಮನೆಯ ದೊಡ್ಡವರದ್ದು. ಊಟದ ಹೊತ್ತಲ್ಲಿ ಎಲ್ಲರ ಫೋನೂ ಫ್ರಿಜ್ ಮೇಲೆ. ಎಲ್ಲರದ್ದೂ ಅಂದರೆ ಯಜಮಾನರದ್ದೂ ಸೇರಿ. ಅವರು 'ಆಫೀಸ್ ಕಾಲ್ ಬರುತ್ತೆ' ಅಂದರೆ, ಬಂದಾಗ ಎದ್ದು ಹೋಗಿ ಮಾತಾಡಲಿ.

ಮೊದಲ ವಾರ 'ಬೋರ್ ಆಗ್ತಿದೆ' ಎಂಬ ರಾಗ ಇದ್ದೇ ಇರುತ್ತದೆ. ಬೋರ್ ಆಗಲಿ ಬಿಡಿ. ಅದನ್ನು ಓಡಿಸುವುದು ನಿಮ್ಮ ಡ್ಯೂಟಿ ಅಲ್ಲ.

ಮತ್ತೆ ನಮ್ಮ ಹೆಣ್ಣುಮಕ್ಕಳು...

ಆಗಲೇ ಹೇಳಿದ್ದೆನಲ್ಲ, ಮಾಲ್ಗುಡಿಯ ಬೀದಿ ಹುಡುಗರದ್ದು ಎಂದು. ಈಗಲೂ ಅಷ್ಟೇ. ಮಗನನ್ನಾದರೆ ಹೇಗೋ ಧೈರ್ಯ ಮಾಡಿ ಸೈಕಲ್ ಮೇಲೆ ಕಳಿಸುತ್ತೀರಿ. ಮಗಳಿಗೆ ಹತ್ತು ತುಂಬಿ ಹನ್ನೊಂದು ಹಿಡಿಯಿತು ಅನ್ನುವಷ್ಟರಲ್ಲಿ ಅಜ್ಜಿ, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಒಂದೇ ದನಿ. 'ದೊಡ್ಡವಳಾಗ್ತಾ ಇದ್ದಾಳೆ, ಇನ್ನು ಸಾಕು ಆಡಿದ್ದು.' ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರೆ ಅವಳು ಬಾಲ್ಕನಿಯಲ್ಲಿ ನಿಂತು ನೋಡುತ್ತಾಳೆ. 'ಪಾಪ, ಬೇಜಾರಾಗುತ್ತೆ' ಅಂತ ಅಪ್ಪನೇ ಒಂದು ಫೋನ್ ತಂದುಕೊಡುತ್ತಾನೆ. ಮಗಳು ಒಳಗೇ ಇದ್ದಾಳೆ, ಸೇಫ್ ಆಗಿದ್ದಾಳೆ ಎಂದು ಎಲ್ಲರಿಗೂ ಸಮಾಧಾನ. ಅವಳು ಮಾತ್ರ ತನ್ನ ಮೂಗು ಸರಿಯಿಲ್ಲ, ಬಣ್ಣ ಸರಿಯಿಲ್ಲ ಎಂದು ರೀಲ್ಸ್ ನೋಡುತ್ತಾ ಕಲಿಯುತ್ತಿರುತ್ತಾಳೆ.

ಈ ಹುಡುಗಿ ಇನ್ನು ಏಳೆಂಟು ವರ್ಷಕ್ಕೆ ಕಾಲೇಜಿಗೆ ಬಸ್ಸಿನಲ್ಲಿ ಹೋಗಬೇಕು, ಹಾಸ್ಟೆಲಿನಲ್ಲಿರಬೇಕು, ಇಂಟರ್‌ವ್ಯೂಗೆ ಬೇರೆ ಊರಿಗೆ ಹೋಗಬೇಕು. ಹದಿನೆಂಟು ತುಂಬಿದ ಬೆಳಿಗ್ಗೆ ಧೈರ್ಯ ಕೊರಿಯರ್‌ನಲ್ಲಿ ಬರುತ್ತದೆಯೇ? ಹನ್ನೊಂದಕ್ಕೆ ಅಂಗಡಿಗೆ, ಹನ್ನೆರಡಕ್ಕೆ ಲೈಬ್ರರಿಗೆ, ಹದಿಮೂರಕ್ಕೆ ಗೆಳತಿಯ ಜೊತೆ ಸಿಟಿ ಬಸ್ಸಿನಲ್ಲಿ ನಾಲ್ಕು ಸ್ಟಾಪ್ ದೂರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಬೇಕು. ಬಸ್ಸಿನಲ್ಲಿ ಯಾರಾದರೂ ಮೈಗೆ ತಾಗಿಸಿದರೆ ಏನು ಮಾಡಬೇಕು, ಕಂಡಕ್ಟರಿಗೆ ಹೇಗೆ ಹೇಳಬೇಕು, ಎಲ್ಲಿ ಇಳಿದುಬಿಡಬೇಕು ಎಂದು ನಾಚಿಕೆಯಿಲ್ಲದೆ ಹೇಳಿಕೊಡಿ. ನಮಗೆ ಯಾರೂ ಹೇಳಿಕೊಡಲಿಲ್ಲ, ನಾವು ಸೇಫ್ಟಿ ಪಿನ್ ಹಿಡಿದುಕೊಂಡು ಕಲಿತೆವು. ಅವಳು ಹಾಗೆ ಕಲಿಯಬೇಕಾಗಿಲ್ಲ.

ಹುಟ್ಟುಹಬ್ಬಕ್ಕೆ ಏನು ಬೇಕು ಎಂದರೆ ಸ್ಮಾರ್ಟ್‌ಫೋನ್ ಅಂತಾಳೆ. ಅದರ ಬೆಲೆಯ ಅರ್ಧಕ್ಕೇ ಒಂದು ಒಳ್ಳೆ ಸೈಕಲ್ ಬರುತ್ತದೆ. ಮೊದಲು ಅದೇ ಬೀದಿಯ ಇನ್ನಿಬ್ಬರು ಹುಡುಗಿಯರ ಅಮ್ಮಂದಿರ ಹತ್ತಿರ ಮಾತಾಡಿ. ಮೂವರೂ ಒಟ್ಟಿಗೆ ಹೋಗುತ್ತಾರೆ ಅಂದರೆ ಅವರೂ ಒಪ್ಪುತ್ತಾರೆ. ಬೆಲ್ ಗಟ್ಟಿಯಾಗಿರುವುದನ್ನೇ ಹಾಕಿಸಿ. ಕತ್ತಲಾಗುವ ಮುಂಚೆ ಬಾ ಎಂದು ಹೇಳುವಾಗ ಅದೇ ಸಮಯವನ್ನು ಅವಳ ಅಣ್ಣನಿಗೂ ಹೇಳಿ.